ಕರುಳೂ ಕರಳೂ: ಗಡಿನಾಡಿನ ತರಗತಿಯಲ್ಲಿ ವೈದ್ಯಕೀಯ ಪದಗಳ ಆಟ

ಮಲಯಾಳದಲ್ಲಿ ‘ಕರಳ್’ ಎಂದರೆ ಪಿತ್ತರಸವನ್ನು ಸ್ರವಿಸುವ ಯಕೃತ್ತು. ಕನ್ನಡದಲ್ಲಿ ‘ಕರುಳು’ ಎಂದರೆ ಉಂಡ ಅನ್ನ ಸಾಗಿಹೋಗುವ ನಾಳ. ಎರಡೂ ಒಂದೇ ದ್ರಾವಿಡ ಮೂಲದಿಂದ ಬಂದ ಪದಗಳು. ಎರಡು ಭಾಷೆಗಳಲ್ಲಿಯೂ ಅವು ಮಮತೆಗೆ ಹೆಸರಾಗಿವೆ. ಕನ್ನಡದ ತಾಯಿಗೆ ಮಗು ಕರುಳಿನ ಕುಡಿ. ಮಲಯಾಳದ ಪ್ರೇಮಿ ಪ್ರಿಯೆಯನ್ನು ‘ಕರಳೇ’ ಎಂದು ಕರೆಯುತ್ತಾನೆ. ಕಾವ್ಯದೊಳಗೆ ಈ ವ್ಯತ್ಯಾಸದಿಂದ ಯಾರಿಗೂ ನಷ್ಟವಿಲ್ಲ. ಆಸ್ಪತ್ರೆಯಲ್ಲಿ ಹಾಗಲ್ಲ. ಕನ್ನಡದ ಮುದುಕಿಯೊಬ್ಬಳು ‘ಕರುಳು ಹಿಂಡಿದ ಹಾಗೆ ನೋವು’ ಎಂದಾಗ ಕೇಳುವ ಕಿವಿ ಮಲಯಾಳದ್ದಾದರೆ ಅದು ಬಲಪಕ್ಕೆಯ ಕೆಳಗಿನ ಒಂದು ಅಂಗವನ್ನು ನೆನೆದೀತು. ಮುದುಕಿಯ ಕೈ ಮಾತ್ರ ಹೊಕ್ಕುಳ ಸುತ್ತ ಇರುತ್ತದೆ.

ಕಾಸರಗೋಡು ಮತ್ತು ಮಂಜೇಶ್ವರ ತಾಲ್ಲೂಕುಗಳ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿದವರು ಹತ್ತನೆಯ ತರಗತಿಯವರೆಗೆ ಜೀವಶಾಸ್ತ್ರವನ್ನು ಕನ್ನಡದಲ್ಲಿಯೇ ಕಲಿಯುತ್ತಾರೆ. ಅವರಲ್ಲಿ ನರ್ಸಿಂಗ್, ಪ್ರಯೋಗಾಲಯ ತಂತ್ರಜ್ಞಾನ, ಔಷಧಶಾಸ್ತ್ರಗಳ ಕಡೆಗೆ ಹೋಗುವವರಿಗೆ ಮುಂದಿನ ಪಠ್ಯವೆಲ್ಲ ಇಂಗ್ಲಿಷಿನದು. ಆ ಇಂಗ್ಲಿಷಿನ ಒಳಗಿರುವ ಪದಗಳು ಹೆಚ್ಚಿನಂಶ ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. ವಾರ್ಡಿನಲ್ಲಿ ನಡೆಯುವ ಮಾತು ಮಲಯಾಳ. ಮಂಗಳೂರಿನ ಆಸ್ಪತ್ರೆಗೆ ಹೋದರೆ ಕನ್ನಡ ಮತ್ತು ತುಳು. ಸಪ್ತಭಾಷೆಗಳ ನಾಡೆಂದು ಹೆಸರಾದ ಈ ಜಿಲ್ಲೆಯಲ್ಲಿ ರೋಗಿಯ ಮನೆಮಾತು ಬ್ಯಾರಿಯೂ ಆಗಿರಬಹುದು, ಕೊಂಕಣಿಯೂ ಆಗಿರಬಹುದು. ಹೀಗಾಗಿ ಒಂದೇ ಅಂಗಕ್ಕೆ ವಿದ್ಯಾರ್ಥಿನಿ ಲಿವರ್, ಹೆಪಾಟ್, ಯಕೃತ್ತು, ಪಿತ್ತಜನಕಾಂಗ, ಕರಳ್ ಎಂಬ ಐದು ಹೆಸರುಗಳನ್ನು ಹೊತ್ತು ತಿರುಗಬೇಕಾಗುತ್ತದೆ. ವೈದ್ಯಕೀಯ ಪದಗಳನ್ನು ಕಲಿಸುವುದಕ್ಕೆ ತರಗತಿಯ ಆಟಗಳನ್ನು ಬಳಸುವ ವಿಚಾರವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಇತರ ಕಡೆಗಳಲ್ಲಿ ಇಂತಹ ಆಟದ ಕಾರ್ಡಿಗೆ ಎರಡು ಮುಖ ಸಾಕು: ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ. ಗಡಿನಾಡಿನಲ್ಲಿ ಮೂರನೆಯದೊಂದು ಬೇಕು. ಅದು ರೋಗಿಯ ಮಾತು.

ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ನಮಗೆ ಹೊಸತಲ್ಲ. ಅಮರಕೋಶದ ಎರಡನೆಯ ಕಾಂಡದ ಮನುಷ್ಯವರ್ಗದಲ್ಲಿ ಅಂಗಗಳ ಹಾಗೂ ರೋಗಗಳ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಅವನ್ನು ಕಂಠಸ್ಥ ಮಾಡಿದವರ ಪರಂಪರೆಯೇ ಇತ್ತು. ಆದರೆ ಅಲ್ಲಿ ನೆನಪಿಗೆ ಛಂದಸ್ಸಿನ ಆಸರೆ ಇತ್ತು. ಇಂದಿನ ಪಟ್ಟಿಗೆ ಲಯವೂ ಇಲ್ಲ, ಸಂದರ್ಭವೂ ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಓದಿದ ಇನ್ನೂರು ಪದಗಳು ಪರೀಕ್ಷೆ ಮುಗಿದ ವಾರದಲ್ಲಿ ಬಹುಪಾಲು ಮಾಸಿಹೋಗುತ್ತವೆ.

ಆಟಗಳಲ್ಲಿ ಮೊದಲು ಬರಬೇಕಾದದ್ದು ಪದ ಕಟ್ಟುವ ಆಟ, ಏಕೆಂದರೆ ಈ ಪದಗಳು ಕಟ್ಟಿದ ಪದಗಳೇ. ಉಪಸರ್ಗಕ್ಕೆ ಒಂದು ಬಣ್ಣ, ಪ್ರಕೃತಿಗೆ ಇನ್ನೊಂದು, ಪ್ರತ್ಯಯಕ್ಕೆ ಮತ್ತೊಂದು ಎಂದು ರಟ್ಟಿನ ಚೀಟಿಗಳನ್ನು ಮಾಡಿಕೊಂಡರೆ ಸಾಕು. ‘ಗ್ಯಾಸ್ಟ್ರ್’ ಎಂದರೆ ಜಠರ, ‘ಹೆಪಾಟ್’ ಎಂದರೆ ಯಕೃತ್ತು, ‘ಎಂಟರ್’ ಎಂದರೆ ಕರುಳು, ‘ನೆಫ್ರ್’ ಎಂದರೆ ಮೂತ್ರಪಿಂಡ, ‘ಆರ್ಥ್ರ್’ ಎಂದರೆ ಕೀಲು. ‘ಐಟಿಸ್’ ಎಂದರೆ ಉರಿಯೂತ, ‘ಆಲಜಿ’ ಶಾಸ್ತ್ರ, ‘ಆಲ್ಜಿಯ’ ನೋವು. ಹತ್ತು ಪ್ರಕೃತಿ, ಆರು ಪ್ರತ್ಯಯ ಕೈಯಲ್ಲಿದ್ದರೆ ಅರವತ್ತು ಜೋಡಣೆಗಳು ಸಾಧ್ಯ. ಎಲ್ಲವೂ ಬಳಕೆಯಲ್ಲಿರುವ ಪದಗಳಾಗಲಾರವು. ಆದರೆ ಆಟದ ಲಾಭವಿರುವುದು ಅಲ್ಲಿಯೇ. ಒಬ್ಬ ಹುಡುಗ ‘ಹೆಮಟ್’ ಮತ್ತು ‘ಎಕ್ಟಮಿ’ ಚೀಟಿಗಳನ್ನು ಜೋಡಿಸಿದನೆನ್ನಿ. ರಕ್ತವನ್ನು ಕತ್ತರಿಸಿ ತೆಗೆಯುವುದು! ತರಗತಿ ನಗುತ್ತದೆ. ಆ ನಗೆಯಲ್ಲಿ ‘ಎಕ್ಟಮಿ’ ಎಂದರೆ ಕತ್ತರಿಸಿ ಹೊರತೆಗೆಯುವುದೆಂಬ ಅರ್ಥ ಎಷ್ಟು ಗಟ್ಟಿಯಾಗಿ ಕೂರುತ್ತದೆಂದರೆ, ಅನಂತರ ಗ್ಯಾಸ್ಟ್ರೆಕ್ಟಮಿ, ಗ್ಯಾಸ್ಟ್ರಾಟಮಿ, ಗ್ಯಾಸ್ಟ್ರಾಸ್ಟಮಿ ಎಂಬ ಮೂರನ್ನು ಒಟ್ಟಿಗೆ ಮುಂದಿಟ್ಟರೂ ಗೊಂದಲವಾಗುವುದು ಕಡಿಮೆ. ಮೊದಲನೆಯದರಲ್ಲಿ ಜಠರವನ್ನು ತೆಗೆಯುತ್ತಾರೆ, ಎರಡನೆಯದರಲ್ಲಿ ಕೊಯ್ಯುತ್ತಾರೆ, ಮೂರನೆಯದರಲ್ಲಿ ಹೊರಕ್ಕೆ ಒಂದು ಬಾಯಿ ಮಾಡುತ್ತಾರೆ. ಗ್ರೀಕಿನ ‘ಸ್ಟೋಮ’ ಎಂದರೆ ಬಾಯಿಯೇ.

ಇಲ್ಲಿ ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಅನುಕೂಲವಿದೆ. ಅದನ್ನು ಶಿಕ್ಷಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಇಂಗ್ಲಿಷಿನಲ್ಲಿ ಈ ಪದಗಳನ್ನು ಕಲಿಸುವವರು ಕೊನೆಯಿಂದ ಓದಿರಿ ಎಂದು ಹೇಳಿಕೊಡುತ್ತಾರೆ. ಇಂಗ್ಲಿಷಿನ ವಿವರಣೆಯಲ್ಲಿ ಉರಿಯೂತ ಮೊದಲು, ಜಠರ ಆಮೇಲೆ ಬರುವುದರಿಂದ ಆ ಸೂಚನೆ ಅಗತ್ಯ. ಕನ್ನಡದಲ್ಲಿ ಯೋಚಿಸುವವರಿಗೆ ಈ ತಿರುವು ಬೇಕಾಗಿಲ್ಲ. ಗ್ಯಾಸ್ಟ್ರ್-ಐಟಿಸ್, ಜಠರದ ಉರಿಯೂತ; ಗ್ಯಾಸ್ಟ್ರೊ-ಎಂಟರ್-ಆಲಜಿ, ಜಠರ ಕರುಳುಗಳ ಶಾಸ್ತ್ರ. ವಿಶೇಷಣ ಮೊದಲು, ಮುಖ್ಯಪದ ಕೊನೆಗೆ: ನಮ್ಮ ತತ್ಪುರುಷದ ಕ್ರಮವೇ ಗ್ರೀಕ್ ಸಮಾಸದ ಕ್ರಮ. ತುಣುಕುಗಳ ನಡುವೆ ಬಂದು ಹೋಗುವ ‘ಒ’ಕಾರವೂ ಕನ್ನಡದ ಮಕ್ಕಳಿಗೆ ಪರಿಚಿತ ರೀತಿಯದು. ವ್ಯಂಜನದ ಮುಂದೆ ಅದು ನಿಲ್ಲುತ್ತದೆ, ಗ್ಯಾಸ್ಟ್ರೊಸ್ಕೊಪಿಯಲ್ಲಿರುವ ಹಾಗೆ. ಸ್ವರದ ಮುಂದೆ ಸಾಮಾನ್ಯವಾಗಿ ಬಿದ್ದುಹೋಗುತ್ತದೆ, ಗ್ಯಾಸ್ಟ್ರೈಟಿಸಿನಲ್ಲಿರುವ ಹಾಗೆ. ಊರು ಮತ್ತು ಊರು ಸೇರಿ ‘ಊರೂರು’ ಆಗುವುದನ್ನು ಲೋಪಸಂಧಿ ಎಂದು ಪ್ರೌಢಶಾಲೆಯಲ್ಲಿ ಕಲಿತವರಿಗೆ ಇದನ್ನು ಹೊಸ ನಿಯಮವಾಗಿ ಬೋಧಿಸುವ ಪ್ರಮೇಯವೇ ಇಲ್ಲ. ವ್ಯಾಕರಣದ ತರಗತಿಯಲ್ಲಿ ಕಲಿತದ್ದು ಮುಂದೆ ಎಲ್ಲಿಗೂ ಉಪಯೋಗವಾಗದೆಂದು ನಂಬಿದ್ದವರಿಗೆ ಇದೊಂದು ಸಣ್ಣ ಸಂತೋಷ.

ಇನ್ನೊಂದು ಆಟ ಬಂಧುಗಳನ್ನು ಹುಡುಕುವುದು. ಗ್ರೀಕ್, ಲ್ಯಾಟಿನ್, ಸಂಸ್ಕೃತಗಳು ಒಂದೇ ಮನೆತನದ ಭಾಷೆಗಳಾದ್ದರಿಂದ ಅಂಗಗಳ ಹೆಸರುಗಳಲ್ಲಿ ಆ ನೆಂಟಸ್ತಿಕೆ ಕಾಣುತ್ತದೆ. ಆಸ್ಟಿಯೊ ಮತ್ತು ಅಸ್ಥಿ, ಒಡಾಂಟ್ ಮತ್ತು ದಂತ, ಪೊಡ್ ಮತ್ತು ಪಾದ, ಲ್ಯಾಟಿನ್ನಿನ ಜೆನು ಮತ್ತು ಜಾನು, ನಾಸುಸ್ ಮತ್ತು ನಾಸಾ. ಹೊರನೋಟಕ್ಕೆ ಹೋಲದಿದ್ದರೂ ಹೆಪಾರ್ ಮತ್ತು ಯಕೃತ್ ಕೂಡ ಒಂದೇ ಮೂಲದವು. ಮೇಜಿನ ಮೇಲೆ ಚೀಟಿಗಳನ್ನು ಬೋರಲಾಗಿ ಹರಡಿ, ಎರಡೆರಡನ್ನು ಮಗುಚಿ, ಜೋಡಿ ಸಿಕ್ಕಿದವರು ಎತ್ತಿಕೊಳ್ಳುವ ನೆನಪಿನ ಆಟಕ್ಕೆ ಇವು ಒಳ್ಳೆಯ ಸಾಮಗ್ರಿ. ಅತ್ಯಂತ ಉಪಯುಕ್ತವಾದವು ಉಪಸರ್ಗಗಳು. ‘ಹೈಪರ್’ ಮತ್ತು ‘ಉಪರಿ’ ಬಂಧುಗಳು. ‘ಹೈಪೊ’ ಮತ್ತು ‘ಉಪ’ ಬಂಧುಗಳು. ‘ಅನೀಮಿಯ’ದ ಮೊದಲಿನ ‘ಅನ್’ ನಮ್ಮ ‘ಅನಂತ’ದ ಮೊದಲಿನದೇ, ಅದು ಸೇರಿರುವುದು ರಕ್ತವೆಂಬ ಅರ್ಥದ ಗ್ರೀಕ್ ಪದಕ್ಕೆ. ರಕ್ತಹೀನತೆ ಎಂಬ ಪಠ್ಯಪುಸ್ತಕದ ಪದ ಅದರ ನೇರವಾದ ಪ್ರತಿರೂಪ.

ಈ ಆಟದ ರತ್ನವೆಂದರೆ ಸರ್ಪಸುತ್ತು. ಸೊಂಟದ ಅಥವಾ ಎದೆಯ ಒಂದು ಪಕ್ಕದಲ್ಲಿ ಪಟ್ಟಿಯಂತೆ ಏಳುವ ಉರಿಗುಳ್ಳೆಗಳಿಗೆ ನಮ್ಮ ಜನ ಇಟ್ಟ ಹೆಸರು ಇದು. ವೈದ್ಯರು ಅದನ್ನು ಹರ್ಪಿಸ್ ಜೋಸ್ಟರ್ ಎನ್ನುತ್ತಾರೆ. ಗ್ರೀಕಿನಲ್ಲಿ ಹರ್ಪಿಸ್ ಎಂದರೆ ಹರಿದಾಡುವುದು. ಅದು ‘ಸರ್ಪ’ಕ್ಕೆ ಸೋದರ ಪದ. ಜೋಸ್ಟರ್ ಎಂದರೆ ಸೊಂಟಪಟ್ಟಿ, ಸುತ್ತು. ಯಾರೂ ಯಾರನ್ನೂ ಅನುವಾದಿಸದೆ ಗ್ರೀಸಿನವರೂ ಕನ್ನಡದವರೂ ಒಂದೇ ಗುಳ್ಳೆಸಾಲನ್ನು ಒಂದೇ ರೀತಿ ಕಂಡಿದ್ದಾರೆ. ಮಧುಮೇಹವೂ ಇಂಥದೇ: ಡಯಾಬಿಟಿಸ್ ಮೆಲ್ಲಿಟಸ್ ಎಂಬಲ್ಲಿನ ‘ಮೆಲ್’ ಜೇನು, ಮೊದಲ ಪದ ಹಾದುಹೋಗುವುದನ್ನು ಸೂಚಿಸುತ್ತದೆ. ಕ್ಷಯವೂ ಇಂಥದೇ: ಗ್ರೀಕರು ಅದನ್ನು ‘ಥೈಸಿಸ್’ ಎಂದರು, ಅರ್ಥ ಸವೆಯುವುದು.

ಇಷ್ಟಾದ ಮೇಲೆ ಒಂದು ಎಚ್ಚರಿಕೆ ಸಲ್ಲುತ್ತದೆ. ಈ ನೆಂಟಸ್ತಿಕೆ ಸಂಸ್ಕೃತದ ಮೂಲಕ ಬಂದದ್ದು. ಹಲ್ಲು, ಎಲುಬು, ಮೊಣಕಾಲು, ಮೂಗುಗಳಿಗೆ ಗ್ರೀಕಿನಲ್ಲಿ ಬಂಧುಗಳಿಲ್ಲ. ರೋಗಿ ಬಳಸುವುದು ಅವನ್ನೇ. ಧ್ವನಿಸಾಮ್ಯವೊಂದನ್ನೇ ನಂಬಿ ಹೊರಟರೆ ದಾರಿ ತಪ್ಪುವುದೂ ಸುಲಭ. ‘ಗ್ಯಾಸ್ಟ್ರಿಕ್’ ಎಂಬ ಪದ ಇದಕ್ಕೆ ನಿತ್ಯದ ಉದಾಹರಣೆ. ವೈದ್ಯಕೀಯ ಇಂಗ್ಲಿಷಿನಲ್ಲಿ ಅದು ‘ಜಠರಕ್ಕೆ ಸೇರಿದ’ ಎಂಬ ವಿಶೇಷಣ ಮಾತ್ರ. ನಮ್ಮ ಮಾತಿನಲ್ಲಿ ಅದೊಂದು ಕಾಯಿಲೆ: ‘ಗ್ಯಾಸ್ಟ್ರಿಕ್ ಆಗಿದೆ’ ಎಂದರೆ ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ, ಕೆಲವೊಮ್ಮೆ ಎದೆನೋವು ಕೂಡ. ಗ್ಯಾಸಿಗೂ ಅದಕ್ಕೂ ಧಾತುಸಂಬಂಧವಿಲ್ಲ; ಗ್ಯಾಸ್ ಎಂಬುದು ಹದಿನೇಳನೆಯ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಹೊಸದಾಗಿ ರೂಪಿಸಿದ ಪದ. ವ್ಯುತ್ಪತ್ತಿಯ ಮಾತು ಹಾಗಿರಲಿ, ಹೃದಯಾಘಾತದ ನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸೋಡ ಕುಡಿದು ಮಲಗುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಆದ್ದರಿಂದ ಈ ಪದದ ಚೀಟಿ ಬಂದಾಗ ಆಡುವವರು ಅರ್ಥ ಹೇಳಿದರೆ ಸಾಲದು. ನೋವು ಎಲ್ಲಿ, ಎಷ್ಟು ಹೊತ್ತಿನಿಂದ, ತೋಳಿಗೆ ಅಥವಾ ದವಡೆಗೆ ಹರಡುತ್ತದೆಯೇ, ಬೆವರುತ್ತದೆಯೇ ಎಂಬ ಪ್ರಶ್ನೆಗಳನ್ನು ಕೇಳಿದ ಮೇಲೆಯೇ ಅಂಕ.

ಕಣ್ಣಿನ ಓದಿಗಿಂತ ಕಿವಿಯ ಕೇಳ್ಮೆಗೆ ಹೊಂದುವ ಆಟ ಹೌಸಿ. ಅಂಕಿಗಳ ಬದಲು ಒಂಬತ್ತು ಚೌಕಗಳಲ್ಲಿ ಒಂಬತ್ತು ಪದಗಳು. ಶಿಕ್ಷಕಿ ಪದವನ್ನು ಕೂಗದೆ ಅರ್ಥವನ್ನು ಕೂಗುತ್ತಾಳೆ, ಮತ್ತೊಂದು ಸುತ್ತಿನಲ್ಲಿ ಅರ್ಥದ ಚೌಕಗಳಿಗೆ ಪದವನ್ನು ಕೂಗುತ್ತಾಳೆ. ಹೈಪರ್‌ಟೆನ್ಷನ್ ಎಂದದ್ದನ್ನು ಹೈಪೊಟೆನ್ಷನ್ ಎಂದು ಕೇಳಿದವರ ಸಾಲು ತುಂಬುವುದಿಲ್ಲ. ವಾರ್ಡಿನ ಗದ್ದಲದಲ್ಲಿ, ದೂರವಾಣಿಯ ಸೂಚನೆಯಲ್ಲಿ, ಮುಖಗವಸಿನ ಹಿಂದಿನಿಂದ ಬರುವ ಮಾತಿನಲ್ಲಿ ಇವೆರಡರ ನಡುವಿನ ದೂರ ಒಂದು ರೇಫ ಮಾತ್ರ. ನುಂಗುವ ತೊಂದರೆ ‘ಡಿಸ್‌ಫೇಜಿಯ’, ಮಾತಿನ ತೊಂದರೆ ‘ಡಿಸ್‌ಫೇಸಿಯ’. ಆರ್ಟೀರಿಯೊ ರಕ್ತನಾಳದ್ದು, ಆರ್ಥ್ರೊ ಕೀಲಿನದು. ಟಕಾರವನ್ನೂ ಥಕಾರವನ್ನೂ ಬೇರೆ ಬೇರೆ ಬರೆಯುವ ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಇವು ಬೇರ್ಪಡುತ್ತವೆ. ಎಲ್ಲ ಕಡೆಯೂ ಲಿಪಿ ನೆರವಾಗದು. ಸಣ್ಣಕರುಳಿನ ಕೊನೆಯ ಭಾಗವೂ ಸೊಂಟದ ಎಲುಬೂ ಕನ್ನಡದಲ್ಲಿ ‘ಇಲಿಯಂ’ ಎಂದೇ ಆಗುತ್ತವೆ. ಇಂಗ್ಲಿಷಿನ ಕಾಗುಣಿತದಲ್ಲಿ ಒಂದು ಅಕ್ಷರದ ವ್ಯತ್ಯಾಸವಿದೆ, ಉಚ್ಚಾರದಲ್ಲಿ ಅದೂ ಇಲ್ಲ. ಇಂಥ ಪದಕ್ಕೆ ವಾಕ್ಯವೇ ಗತಿ.

ಆಟ ಹಗುರವಾದ ಕಾಲಕ್ಷೇಪವೆಂಬ ಆಕ್ಷೇಪಕ್ಕೆ ಉತ್ತರ ಸ್ಮೃತಿಯ ಅಧ್ಯಯನಗಳಲ್ಲಿದೆ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆಂಬುದನ್ನು ಎಬ್ಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದನು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ಅನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ಅನಂತರ ಮುಂದಿದ್ದವರು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವ ಅಭ್ಯಾಸ ಮಾಡಿದವರು. ಆಟದ ಪ್ರತಿ ಸರದಿಯೂ ಅಂತಹ ಒಂದು ನೆನಪಿಸಿಕೊಳ್ಳುವಿಕೆ. ಆದ್ದರಿಂದ ಆಟವನ್ನು ಪಾಠ ಮುಗಿದ ದಿನವೇ ಒಂದು ಗಂಟೆ ಆಡಿಸುವುದಕ್ಕಿಂತ ದಿನ ಬಿಟ್ಟು ದಿನ ಹತ್ತು ಹತ್ತು ನಿಮಿಷ ಆಡಿಸುವುದು ಮೇಲು.

ಇಷ್ಟೂ ಆಟಗಳು ವಿದ್ಯಾರ್ಥಿಯನ್ನು ಪುಸ್ತಕದ ಪದದವರೆಗೆ ಒಯ್ಯುತ್ತವೆ. ಮೂರನೆಯ ಮುಖದ ಕೆಲಸ ಅಲ್ಲಿಂದ ಮುಂದಿನದು. ರೋಗಿಯ ಮಾತು ಅಜ್ಞಾನದ ಮಾತಲ್ಲ. ಹಲವು ಸಲ ಅದು ಪರಿಭಾಷೆಯಷ್ಟೇ ಖಚಿತ. ‘ತಲೆ ತಿರುಗುತ್ತದೆ’ ಎಂಬುದೂ ‘ಕಣ್ಣು ಕತ್ತಲೆ ಬರುತ್ತದೆ’ ಎಂಬುದೂ ಆಸ್ಪತ್ರೆಯ ಇಂಗ್ಲಿಷಿನಲ್ಲಿ ‘ಗಿಡ್ಡಿನೆಸ್’ ಎಂಬ ಒಂದೇ ಪದದಲ್ಲಿ ಮುಗಿಯುತ್ತವೆ. ಮೊದಲನೆಯದು ಲೋಕವೇ ಗಿರಿಗಿಟ್ಟಲೆಯಾಡುವ ವರ್ಟಿಗೊ ಇರಬಹುದು. ಆ ಲ್ಯಾಟಿನ್ ಪದದ ಅರ್ಥವೂ ತಿರುಗುವುದೇ. ಎರಡನೆಯದು ಮೂರ್ಛೆಯ ಅಂಚು. ಇವೆರಡನ್ನು ಬೇರೆ ಬೇರೆ ಚೀಟಿಗಳಲ್ಲಿ ಬರೆದಿಟ್ಟರೆ ಕನ್ನಡದ ರೋಗಿ ಮಾಡಿಕೊಟ್ಟ ವಿವೇಚನೆ ಬರಹದಲ್ಲಿ ಕಳೆದುಹೋಗುವುದಿಲ್ಲ.

ನೆರೆಭಾಷೆಯ ಸುಳ್ಳು ಗೆಳೆಯರಿಗೆ ಪ್ರತ್ಯೇಕ ಕಟ್ಟು ಬೇಕು. ಮಲಯಾಳದ ‘ಮುಟ್ಟುವೇದನ’ ಮೊಣಕಾಲ ನೋವು. ಕನ್ನಡದ ಕಿವಿಗೆ ‘ಮುಟ್ಟು’ ತಿಂಗಳ ಮೈಲಿಗೆ. ವಯಸ್ಸಾದ ಪುರುಷನೊಬ್ಬ ತನಗೆ ಮುಟ್ಟುವೇದನ ಎಂದಾಗ ಹೊಸ ವಿದ್ಯಾರ್ಥಿನಿ ತಬ್ಬಿಬ್ಬಾಗುವುದು ಸಹಜ. ‘ಶ್ವಾಸಂಮುಟ್ಟಲ್’ ಉಸಿರು ಕಟ್ಟುವುದು, ಅದಂತೂ ತುರ್ತು. ‘ಕ್ಷೀಣಂ’ ಎಂದರೆ ಮಲಯಾಳದಲ್ಲಿ ದಣಿವು ಅಷ್ಟೇ. ಕನ್ನಡದವರಿಗೆ ‘ಕ್ಷೀಣ’ ಎಂಬುದು ಆಸೆ ಕೈಬಿಟ್ಟ ಸ್ಥಿತಿಯ ಹಾಗೆ ಕೇಳುತ್ತದೆ. ‘ಪನಿ’ ಮಲಯಾಳದಲ್ಲಿ ಜ್ವರ, ತಮಿಳಿನಲ್ಲಿ ಇಬ್ಬನಿ. ಎರಡೂ ಭಾಷೆಗಳು ಕೂಡುವ ವಯನಾಡು ಮತ್ತು ನೀಲಗಿರಿಯ ಕನ್ನಡಿಗರಿಗೆ ಇದರ ಅರಿವು ಹೆಚ್ಚು ಬೇಕು.

ಉಳಿದ ಗಡಿಗಳ ಕಟ್ಟುಗಳು ಬೇರೆ. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ತೊಡಕು ಕಡಿಮೆ, ಏಕೆಂದರೆ ಯಕೃತ್, ಮೂತ್ರಪಿಂಡದಂಥ ಗ್ರಂಥಸ್ಥ ಪದಗಳು ಮರಾಠಿಗೂ ಕನ್ನಡಕ್ಕೂ ಸಮಾನ. ಆದರೂ ಮರಾಠಿಯ ‘ತಾಪ’ ಜ್ವರವೇ ಹೊರತು ಕನ್ನಡದ ತಾಪವಲ್ಲ. ಆದೋನಿ, ರಾಯದುರ್ಗ, ಮಡಕಶಿರಾಗಳ ಕಡೆ ‘ವಿರೇಚನಾಲು’ ಎಂದರೆ ಭೇದಿ. ಕನ್ನಡದಲ್ಲಿ ವಿರೇಚನವೆಂದರೆ ಭೇದಿಗೆ ಕೊಡುವ ಔಷಧ ಅಥವಾ ಚಿಕಿತ್ಸೆ. ಅದಕ್ಕಿಂತ ಗಂಭೀರವಾದದ್ದು ‘ಆಯಾಸ’. ಕನ್ನಡದಲ್ಲಿ ಅದು ದಣಿವು. ತೆಲುಗಿನ ‘ಆಯಾಸಂ’ ಏದುಸಿರು. ತೆಲುಗಿನ ರೋಗಿಯ ಏದುಸಿರನ್ನು ದಣಿವೆಂದು ಬರೆದುಕೊಂಡ ಕನ್ನಡದ ವಿದ್ಯಾರ್ಥಿ ಅವನನ್ನು ಸರದಿಯ ಕೊನೆಯಲ್ಲಿ ಕೂರಿಸಬಹುದು.

ಒಂದೇ ರೋಗಕ್ಕೆ ಭಾಷೆಗಳು ಕೊಟ್ಟ ಹೆಸರುಗಳನ್ನು ಒಟ್ಟುಗೂಡಿಸುವ ಆಟ ಇಲ್ಲಿ ಚೆನ್ನಾಗಿ ಒದಗುತ್ತದೆ. ಮಲೇರಿಯಾ ಎಂದರೆ ಇಟಾಲಿಯನ್ನಿನಲ್ಲಿ ಕೆಟ್ಟ ಗಾಳಿ; ಮಲಯಾಳದ ‘ಮಲಂಪನಿ’ ಬೆಟ್ಟದ ಜ್ವರ; ಮರಾಠಿಯ ‘ಹಿವತಾಪ’ವೂ ಕನ್ನಡದ ಚಳಿಜ್ವರವೂ ನಡುಕವನ್ನು ಹಿಡಿದವು. ಕಾಮಾಲೆಗೆ ಮಲಯಾಳದ ‘ಮಞ್ಞಪ್ಪಿತ್ತಂ’, ತಮಿಳಿನ ‘ಮಂಜಳ್ ಕಾಮಾಲೈ’, ತೆಲುಗಿನ ‘ಪಚ್ಚಕಾಮೆರ್ಲು’, ನಮ್ಮ ಅರಿಶಿನ ಕಾಮಾಲೆ, ಫ್ರೆಂಚಿನಿಂದ ಬಂದ ಇಂಗ್ಲಿಷಿನ ‘ಜಾಂಡಿಸ್’ ಎಲ್ಲವೂ ಹಳದಿಯನ್ನೇ ಹೇಳುತ್ತವೆ. ಅರಿಶಿನದ ಬಣ್ಣದ ಒಂದೇ ಚೀಟಿಯಲ್ಲಿ ಐದೂ ಹೆಸರುಗಳನ್ನು ಬರೆದಿಡಬಹುದು.

ಆಡಿಸುವವರು ಎದುರಿಸುವ ತೊಡಕುಗಳೂ ಇವೆ. ಪೈಪೋಟಿಯಲ್ಲಿ ಮೊದಲೇ ಇಂಗ್ಲಿಷ್ ಬಲ್ಲವರು ಗೆಲ್ಲುತ್ತ ಹೋಗಿ, ಕನ್ನಡ ಶಾಲೆಯವರು ಮೂಲೆಗೆ ಸರಿಯುವುದುಂಟು. ಒಬ್ಬೊಬ್ಬರಾಗಿ ಆಡಿಸದೆ ಭಾಷೆಗಳು ಬೆರೆತ ಗುಂಪುಗಳನ್ನು ಮಾಡಿ, ರೋಗಿಯ ಮಾತಿನ ಚೀಟಿಗೆ ಎರಡು ಅಂಕ ಇಟ್ಟರೆ ಗುಂಪಿಗೆ ಅವರ ಅಗತ್ಯ ತಾನಾಗಿ ತಿಳಿಯುತ್ತದೆ. ಸ್ಥಳೀಯತೆಯ ಮೋಹದಿಂದ ಚೆನ್ನೆಮಣೆಯನ್ನು ಇದಕ್ಕೆ ಒಗ್ಗಿಸುವ ಆಸೆಯೂ ಹುಟ್ಟಬಹುದು. ಹದಿನಾಲ್ಕು ಗುಳಿಗಳ ಆ ಚೆಂದದ ಆಟದಲ್ಲಿ ಗಮನವೆಲ್ಲ ಎಣಿಕೆಯ ಮೇಲಿರುತ್ತದೆ, ಪದಕ್ಕೆ ಜಾಗವಿಲ್ಲ. ಅದನ್ನು ಅದರ ಪಾಡಿಗೆ ಬಿಡುವುದೇ ಲೇಸು.

ಕೊನೆಯ ಆಟಕ್ಕೆ ಬಹಳ ಚೀಟಿಗಳು ಬೇಡ. ಒಬ್ಬಳು ರೋಗಿ, ಇನ್ನೊಬ್ಬಳು ಸಿಸ್ಟರ್, ಮೂರನೆಯವಳು ವೈದ್ಯೆ. ರೋಗಿಯ ಕೈಯಲ್ಲಿ ‘ಕರುಳು ಹಿಂಡಿದ ಹಾಗೆ ನೋವು’ ಎಂಬ ಚೀಟಿ, ಅದರ ಬೆನ್ನಿಗೆ ದೇಹದ ಚಿತ್ರದಲ್ಲಿ ನೋವಿನ ಜಾಗದ ಗುರುತು. ಸಿಸ್ಟರ್ ಆದವಳು ಅದನ್ನು ವೈದ್ಯೆಗೆ ಪರಿಭಾಷೆಯಲ್ಲಿ ವರದಿ ಮಾಡಬೇಕು. ವೈದ್ಯೆ ಕೊಟ್ಟ ಉತ್ತರವನ್ನು ರೋಗಿಯ ಮಾತಿನಲ್ಲಿ ಮರಳಿ ಹೇಳಬೇಕು. ‘ಎಲ್ಲಿ ಅಮ್ಮ, ಕೈಯಿಟ್ಟು ತೋರಿಸಿ’ ಎಂದು ಕೇಳದೆ ವರದಿ ಒಪ್ಪಿಸಿದವಳಿಗೆ, ಪದ ಸರಿಯಾಗಿದ್ದರೂ, ಅಂಕವಿಲ್ಲ. ನೂರು ಚೀಟಿಗಳ ಕಟ್ಟಿನಲ್ಲಿ ಹತ್ತನ್ನು ಖಾಲಿ ಇಟ್ಟಿರುವುದು ಒಳ್ಳೆಯದು. ರಜೆ ಮುಗಿಸಿ ಬಂದವರು ಅಜ್ಜಿಯ ಬಾಯಿಂದ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಂದ, ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತವರಿಂದ ಕೇಳಿದ ಮಾತನ್ನು ಅದರ ಮೇಲೆ ಬರೆಯುತ್ತಾರೆ. ಅದಕ್ಕೆ ಸರಿಹೊಂದುವ ಪರಿಭಾಷೆ ಯಾವುದೆಂಬುದನ್ನು ಇಡೀ ತರಗತಿ ಕೂತು ಚರ್ಚಿಸಿ, ಶಿಕ್ಷಕಿ ಒಪ್ಪಿದ ಮೇಲೆ ಚೀಟಿ ಕಟ್ಟಿಗೆ ಸೇರುತ್ತದೆ.